ಮೂರು ಹೊಲಿಗೆ

ಮಗಳ ಮದುವೆ ಗೊತ್ತಾದದ್ದು 2022ರ ಕಾರ್ತಿಕದಲ್ಲಿ. ಮದುವೆಗೆ ಇನ್ನೂ ಒಂದು ವರ್ಷವಿತ್ತು. ಆ ವಾರವೇ ನಾನು ಅಮ್ಮನ ಟ್ರಂಕು ತೆರೆದು ಅವಳ ಎಲೆಹಸಿರು ಬಣ್ಣದ ಮೈಸೂರು ಸಿಲ್ಕ್ ಸೀರೆಯನ್ನು ಹೊರಗೆ ತೆಗೆದೆ. ಅಪ್ಪ ಕೆ.ಜಿ.ಎಫ್.ನ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, 1968ರಲ್ಲಿ, ಬೋನಸ್ ಹಣದಲ್ಲಿ ಅಮ್ಮನಿಗೆ ಕೊಡಿಸಿದ ಸೀರೆ ಅದು. 1993ರಲ್ಲಿ ನನ್ನ ಮದುವೆಯ ಆರತಕ್ಷತೆಗೆ ನಾನೂ ಅದನ್ನೇ ಉಟ್ಟಿದ್ದೆ. ಮಗಳ ಆರತಕ್ಷತೆಗೂ ಅದನ್ನೇ ಉಡಬೇಕೆಂಬುದು ನನ್ನ ಬಹುದಿನದ ಆಸೆ.

ಸೀರೆಗೆ ಏನೂ ಆಗಿರಲಿಲ್ಲ. ಅದರ ಜೊತೆಗಿದ್ದ ರವಿಕೆಯ ತೋಳಿನೊಳಗೆ ಕೈ ತೂರಿಸಿದೆ. ಮೊಣಕೈ ದಾಟಿ ನಾಲ್ಕು ಬೆರಳು ಮೇಲೆ ಹೋಗಿ ನಿಂತುಬಿಟ್ಟಿತು. ಕೈ ಹೊರಗೆ ತೆಗೆಯುವುದಕ್ಕೂ ಮಗಳನ್ನು ಕರೆಯಬೇಕಾಯಿತು. ಅವಳು ನಕ್ಕಳು, ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ನಗು ಬರಲಿಲ್ಲ.

ನಿಜ ಹೇಳಬೇಕೆಂದರೆ ಈ ಸಂಕಟ ಆ ದಿನದ್ದಲ್ಲ. ಐದಾರು ವರ್ಷಗಳಿಂದ ನಾನು ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದುಕೊಂಡೇ ಶಾಲೆಗೆ ಹೋಗುತ್ತಿದ್ದೆ. ರಾಜ್ಯೋತ್ಸವದ ದಿನ ಎಲ್ಲ ಶಿಕ್ಷಕಿಯರೂ ರೇಷ್ಮೆ ಸೀರೆ ಉಟ್ಟು ಫೋಟೋಗೆ ನಿಂತರೆ, ನಾನು ಹಿಂದಿನ ಸಾಲಿಗೆ ಸರಿಯುತ್ತಿದ್ದೆ. "ಗೌರವಕ್ಕೆ ಹಿಂದೆ ನಿಂತಿದ್ದಾರೆ" ಎಂದು ಹೊಸಬರು ತಿಳಿದುಕೊಂಡಿದ್ದರು. ಗೌರವವೂ ಅಲ್ಲ, ವಿನಯವೂ ಅಲ್ಲ, ನಾಚಿಕೆ ಅಷ್ಟೆ.

ಇಪ್ಪತ್ತೆಂಟು ವರ್ಷ ಬಂಗಾರಪೇಟೆಯ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟಿದ್ದೇನೆ. ರಾಜರ ಇಸವಿಗಳು ಬಾಯಿಪಾಠ. ಈ ಊರಿಗೆ ಮೊದಲು ಬೌರಿಂಗ್‌ಪೇಟೆ ಎಂದು ಹೆಸರಿತ್ತು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರದು ಎಂದು ಪ್ರತಿ ವರ್ಷ ಹೇಳುತ್ತೇನೆ. ಆದರೆ ನನ್ನ ಮೈಮೇಲಿನ ಬಟ್ಟೆಗೂ ಒಂದು ಇತಿಹಾಸವಿದೆ, ನನ್ನ ನಾಚಿಕೆಗೂ ಒಂದು ಇತಿಹಾಸವಿದೆ ಎಂದು ಯೋಚಿಸಿದ್ದು ಆ ರಾತ್ರಿಯೇ.

ನನ್ನ ಅಜ್ಜಿ ಹದಿನೆಂಟು ಮೊಳದ ಸೀರೆ ಉಡುತ್ತಿದ್ದಳು. ಮೊಳವೆಂದರೆ ಅರ್ಧ ಗಜ, ಅಲ್ಲಿಗೆ ಒಂಬತ್ತು ಗಜ. ಮೇಲೆ ತೊಡುತ್ತಿದ್ದ ಕುಪ್ಪಸಕ್ಕೆ ಗುಂಡಿಯಿಲ್ಲ, ಕೊಕ್ಕೆಯಿಲ್ಲ. ಮುಂದೆ ಎರಡು ತುದಿಗಳನ್ನು ಎಳೆದು ಗಂಟು ಹಾಕಿದರೆ ಆಯಿತು. ಬಸುರಿಯಾದಾಗ ಗಂಟು ಸಡಿಲ, ಬಾಣಂತನ ಮುಗಿದ ಮೇಲೆ ಗಂಟು ಬಿಗಿ. ಹದಿನೆಂಟು ವರ್ಷಕ್ಕೆ ಹೊಲಿದ ಕುಪ್ಪಸವನ್ನು ಅರವತ್ತಕ್ಕೂ ತೊಡಬಹುದಿತ್ತು. ಅಜ್ಜಿ ದಪ್ಪಗಿದ್ದಳೋ ತೆಳ್ಳಗಿದ್ದಳೋ ನನಗೆ ನೆನಪೇ ಇಲ್ಲ. ಅವಳ ಬಟ್ಟೆ ಆ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ಅಳತೆಯ ರವಿಕೆ. ಇಂದು ನಾವೆಲ್ಲ "ನಮ್ಮ ಸಂಪ್ರದಾಯದ ಉಡುಗೆ" ಎನ್ನುವ ಆರು ಗಜದ ಸೀರೆ, ಒಳಗೆ ಲಂಗ, ಮೈಗೆ ಕೂರುವ ರವಿಕೆ, ಎಡಹೆಗಲ ಮೇಲೆ ಸೆರಗು, ಈ ಜೋಡಣೆ ಅಷ್ಟೇನೂ ಹಳೆಯದಲ್ಲ. ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದ ಗಂಡನ ಜೊತೆ ಮುಂಬಯಿಗೆ ಹೋದರು. ಅಲ್ಲಿನ ಪಾರ್ಸಿ ಹೆಂಗಸರು ಉಡುವ ಕ್ರಮವನ್ನು ನೋಡಿ, ರವಿಕೆ ಮತ್ತು ಲಂಗದೊಂದಿಗೆ ಸೀರೆ ಉಡುವ ಹೊಸ ರೀತಿಯನ್ನು ಬಂಗಾಳಕ್ಕೆ ತಂದರು. ಹೆಣ್ಣು ಮನೆಯ ಒಳಕೋಣೆಯಿಂದ ಹೊರಗೆ ಬಂದು ನಾಲ್ಕು ಜನರ ನಡುವೆ ನಿಲ್ಲಬೇಕಾದರೆ ಅದಕ್ಕೆ ತಕ್ಕ ಉಡುಪು ಬೇಕಿತ್ತು. ರವಿಕೆ ಬಂದದ್ದು ಧೈರ್ಯ ಕೊಡುವುದಕ್ಕೆ, ನಾಚಿಕೆ ಕೊಡುವುದಕ್ಕಲ್ಲ.

ಇನ್ನೂ ದಕ್ಷಿಣಕ್ಕೆ ಹೋದರೆ ಆ ಕಥೆ ಬೇರೆಯೇ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದರು. ಕೊನೆಗೆ 1859ರಲ್ಲಿ ಮಹಾರಾಜರ ಘೋಷಣೆ ಬಂತು. ಆಗಲೂ ಮೇಲುಜಾತಿಯವರಂತೆ ಉಡಕೂಡದೆಂಬ ಕಟ್ಟು ಉಳಿದೇ ಇತ್ತು. ಒಂದು ತುಂಡು ಬಟ್ಟೆಗಾಗಿ ಅಷ್ಟು ಹೆಂಗಸರು ಹೋರಾಡಿದ್ದಾರೆ. ಅದೇ ಬಟ್ಟೆ ಬೀರುವಿನ ತುಂಬ ಇರುವ ನಾನು ಹಿಂದಿನ ಸಾಲಿಗೆ ಸರಿಯುತ್ತಿದ್ದೇನೆ!

ನಮ್ಮ ಕಡೆಗೆ ಹೊಲಿಗೆ ಯಂತ್ರ, ಅಳತೆಯ ಟೇಪು, ಸಿದ್ಧ ಗುಂಡಿಗಳು ಬಂದ ಕಾಲವೂ ಗಣಿ ಬೆಳೆದ ಕಾಲವೂ ಹೆಚ್ಚು ಕಡಿಮೆ ಒಂದೇ. ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ಗೆ ಬಂದದ್ದು 1880ರಲ್ಲಿ. ಬಂಗಾರಪೇಟೆಯಿಂದ ಗಣಿಗೆ ರೈಲು ಓಡಿದ್ದು 1894ರಲ್ಲಿ. ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಬಂಗಲೆಗಳಲ್ಲಿ ಇಂಗ್ಲಿಷರ ಹೆಂಗಸರು, ಲೈನ್ ಮನೆಗಳಲ್ಲಿ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದ ಕಾರ್ಮಿಕರ ಹೆಂಗಸರು. ನನ್ನ ಬಾಲ್ಯದ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಬೀದಿಗಳಲ್ಲಿ ಹತ್ತಾರು ದರ್ಜಿಗಳಿದ್ದರು, ಎಲ್ಲರ ಕೊರಳಲ್ಲೂ ಟೇಪು.

ಆ ದರ್ಜಿಗಳಿಂದ ಅಮ್ಮ ಕಲಿತ ಒಂದು ಪಾಠವಿತ್ತು. ರವಿಕೆ ಕೊಡುವಾಗ "ಮೂರು ಹೊಲಿಗೆ ಹಾಕಪ್ಪಾ, ಒಳಗೆ ಬಟ್ಟೆ ಬಿಡು" ಎನ್ನುತ್ತಿದ್ದಳು. ಪಕ್ಕೆಯ ಒಳಭಾಗದಲ್ಲಿ ಅರ್ಧ ಅರ್ಧ ಅಂಗುಲ ಬಿಟ್ಟು ಮೂರು ಸಾಲು ಹೊಲಿಗೆ. ಮೈ ತುಂಬಿಕೊಂಡಂತೆ ಒಂದೊಂದೇ ಬಿಚ್ಚುವುದು. ಮೊದಲ ಮಗುವಿಗೆ ಒಂದು, ಎರಡನೆಯದಕ್ಕೆ ಒಂದು, ನಲವತ್ತು ದಾಟಿದ ಮೇಲೆ ಒಂದು. ಇದನ್ನು ಓದುತ್ತಿರುವ ಎಷ್ಟೋ ತಾಯಂದಿರು ಬ್ಲೇಡು ಹಿಡಿದು ಆ ನೂಲು ಬಿಚ್ಚಿರುತ್ತೀರಿ.

ಆಗ ಕೆ.ಜಿ.ಎಫ್.ನಲ್ಲಿ ಮೈ ತುಂಬಿಕೊಳ್ಳುವುದು ಒಳ್ಳೆಯ ಸುದ್ದಿ. ಸೊರಗುವುದು ಭಯದ ಸುದ್ದಿ. ಬಂಡೆಯ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಗಂಡಸರು ಸಿಲಿಕೋಸಿಸ್‌ನಿಂದ ತೆಳ್ಳಗಾಗುತ್ತಾ ಹೋಗುವುದನ್ನು ಆ ಊರು ನೋಡಿತ್ತು. ಬಂಗಾರವನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಊರಿನಲ್ಲಿ ಹೆಂಗಸರನ್ನು ತೂಗುವ ತಕ್ಕಡಿ ಯಾರ ಮನೆಯಲ್ಲೂ ಇರಲಿಲ್ಲ. ನಾನು ಮೊದಲು ತೂಕ ನೋಡಿಕೊಂಡದ್ದು ಬಂಗಾರಪೇಟೆ ರೈಲು ನಿಲ್ದಾಣದ ಬಣ್ಣದ ದೀಪದ ಯಂತ್ರದ ಮೇಲೆ. ನಾಣ್ಯ ಹಾಕಿದರೆ ಪುಟ್ಟ ರಟ್ಟಿನ ಟಿಕೆಟ್ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನಾವು ಓದುತ್ತಿದ್ದುದು ಭವಿಷ್ಯವನ್ನು ಮಾತ್ರ.

ಈಗ ಎಲ್ಲರೂ ಓದುವುದು ತೂಕದ ಕಡೆಯನ್ನು. ಎತ್ತರ ಮತ್ತು ತೂಕ ಸೇರಿಸಿ ಹಾಕುವ ಬಿ.ಎಂ.ಐ. ಲೆಕ್ಕವನ್ನು ಕಂಡುಹಿಡಿದವರು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಕ್ವೆಟ್ಲೆ ಜನಸಮುದಾಯದ ಸರಾಸರಿ ತಿಳಿಯಲು ಹಾಕಿದ ಸೂತ್ರ ಅದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟಾಗ ಪರೀಕ್ಷಿಸಿದ್ದು ಐದು ದೇಶಗಳ ಸಾವಿರಾರು ಗಂಡಸರನ್ನು. ಅದರಲ್ಲಿ ಹೆಂಗಸರಿರಲಿಲ್ಲ. ಹಾಗೆಂದು ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತ ಬೊಜ್ಜು ಬೇಗ ಸೇರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ ಎಂದು ಕಂಡು, 2009ರಲ್ಲಿ ಭಾರತದ ತಜ್ಞರು ನಮಗೇ ಬೇರೆ ಗೆರೆ ಹಾಕಿದರು. ಬಿ.ಎಂ.ಐ. 23 ದಾಟಬಾರದು, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಶೇ. 24ರಷ್ಟು ಮಂದಿ ಮಿತಿಮೀರಿದ ತೂಕದವರು. ಅದೇ ಸಮೀಕ್ಷೆಯಲ್ಲಿ ಇರಬೇಕಾದ ತೂಕವೂ ಇಲ್ಲದವರು ಶೇ. 18.7.

ಒರಳು ಹೋಗಿ ಮಿಕ್ಸಿ ಬಂತು, ಬೀದಿ ನಲ್ಲಿ ಹೋಗಿ ಮನೆಯೊಳಗೆ ನಲ್ಲಿ ಬಂತು, ಮುದ್ದೆಯ ಜಾಗಕ್ಕೆ ಎರಡು ಹೊತ್ತೂ ಬಿಳಿ ಅನ್ನ ಬಂತು. ಅಜ್ಜಿಯ ಕೈಕಾಲು ದಿನವಿಡೀ ಮಾಡುತ್ತಿದ್ದ ಕೆಲಸ ನನಗೆ ತಪ್ಪಿತು. ಅದು ತಪ್ಪಿದ್ದಕ್ಕೆ ನಾನು ಓದಿದೆ, ಕೆಲಸಕ್ಕೆ ಸೇರಿದೆ. ಆದ್ದರಿಂದ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆದರೆ ತಿನ್ನುವುದು ಅಜ್ಜಿಯಷ್ಟೇ ತಿಂದೆ.

ಇಷ್ಟೆಲ್ಲ ಗೊತ್ತಿದ್ದರೂ ತೂಕ ಇಳಿಸುವ ಮಾತು ಬಂದರೆ ನನಗೊಂದು ಹೆದರಿಕೆ. ಅದಕ್ಕೆ ಕಾರಣ ಅಮ್ಮ.

1994ರಲ್ಲಿ ನನ್ನ ತಮ್ಮನ ಮದುವೆ. ಅದಕ್ಕೆ ಆರು ತಿಂಗಳ ಮೊದಲಿನಿಂದ ಅಮ್ಮ ಇಳಿಯತೊಡಗಿದಳು. ಯಾವ ಪಥ್ಯವೂ ಇಲ್ಲ, ನಡಿಗೆಯೂ ಇಲ್ಲ. ಬಿಚ್ಚಿದ್ದ ಹೊಲಿಗೆಗಳನ್ನು ಮತ್ತೆ ಹಾಕಬೇಕಾಯಿತು. ನಾನೇ ಯಂತ್ರದ ಮುಂದೆ ಕುಳಿತು ಎರಡು ಸಲ ಅವಳ ರವಿಕೆಗಳನ್ನು ಬಿಗಿ ಮಾಡಿದೆ. "ನೋಡಮ್ಮ, ಮದುಮಗಳ ಹಾಗೆ ಆಗಿದ್ದೀಯ" ಎಂದು ಹಾಸ್ಯ ಮಾಡಿದೆ. ಮದುವೆಯಲ್ಲಿ ಇದೇ ಹಸಿರು ಸೀರೆ. ಮೈಸೂರು ಸಿಲ್ಕು ಕಂಚಿ ಸೀರೆಯ ಹಾಗೆ ಸೆಟೆದು ನಿಲ್ಲುವುದಿಲ್ಲ, ಮೈಗೆ ಅಂಟಿ ಇಳಿಯುತ್ತದೆ. ತೆಳ್ಳಗಿದ್ದವರಿಗೆ ಅದರ ಸೊಗಸೇ ಬೇರೆ. ನೆಂಟರೆಲ್ಲ "ಸೀರೆ ಎಷ್ಟು ಚೆನ್ನಾಗಿ ಕೂತಿದೆ, ಏನು ಮಾಡಿದಿರಿ" ಎಂದು ಕೇಳಿದರು. ಅಮ್ಮ ಹಿಗ್ಗಿದಳು.

ರಾತ್ರಿ ನಾಲ್ಕೈದು ಸಲ ಏಳುತ್ತಿದ್ದಳು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಮದುವೆ ಮನೆಯ ಆಯಾಸ ಎಂದುಕೊಂಡೆವು. ಕಾಲಿನ ಗಾಯ ಎರಡು ತಿಂಗಳಾದರೂ ಮಾಯದಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆ 380 ಇತ್ತು. ಅಷ್ಟರಲ್ಲಿ ಕಣ್ಣಿಗೂ ಪೆಟ್ಟಾಗಿತ್ತು. ಆಮೇಲೆ ಹದಿನೇಳು ವರ್ಷ ಅಮ್ಮ ಬದುಕಿದಳು, ಕೊನೆಯ ಆರು ವರ್ಷ ಮಸುಕು ಕಣ್ಣಿನಲ್ಲಿ. ರೋಗ ಅವಳನ್ನು ಒಳಗಿನಿಂದ ಕರಗಿಸುತ್ತಿದ್ದಾಗ ನಾನು ಹೊರಗಿನಿಂದ ರವಿಕೆ ಬಿಗಿ ಮಾಡುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆದ್ದರಿಂದ ಈ ಸಲ ದರ್ಜಿಯ ಹತ್ತಿರ ಹೋಗುವ ಮೊದಲು ವೈದ್ಯರ ಹತ್ತಿರ ಹೋದೆ. ತೂಕ 76 ಕಿಲೋ, ಸೊಂಟ 94 ಸೆಂಟಿಮೀಟರ್. ಸಕ್ಕರೆ ಇನ್ನೂ ಕಾಯಿಲೆಯಾಗಿರಲಿಲ್ಲ, ಹೊಸ್ತಿಲ ಮೇಲೆ ನಿಂತಿತ್ತು. ಆ ವೈದ್ಯೆ ಒಂದು ಮಾತು ಹೇಳಿದರು. ಚೆನ್ನೈಯಲ್ಲಿ ನನ್ನಂಥ ಹೊಸ್ತಿಲ ಮೇಲಿನ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದ್ದರಂತೆ. ಊಟ ತಿದ್ದಿಕೊಂಡು, ನಡೆದಾಡಿದವರಲ್ಲಿ ಕಾಯಿಲೆ ಬರುವುದು ಶೇ. 28ಕ್ಕೂ ಹೆಚ್ಚು ತಗ್ಗಿತಂತೆ. ಆಶ್ಚರ್ಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. "ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ ಮೇಡಂ, ಬಿಡಬೇಡಿ" ಎಂದರು. ಮೊದಲ ಎರಡು ತಿಂಗಳು ಮುಳ್ಳು ನಿಜವಾಗಿಯೂ ಅಲ್ಲಾಡಲಿಲ್ಲ. ಆ ಮಾತಿಲ್ಲದಿದ್ದರೆ ನಾನು ಬಿಟ್ಟೇಬಿಡುತ್ತಿದ್ದೆ.

ಮಾಡಿದ್ದು ದೊಡ್ಡದೇನೂ ಅಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ನಲವತ್ತು ನಿಮಿಷ ನಡಿಗೆ. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನ ಅರ್ಧ, ಪಲ್ಯ ಎರಡರಷ್ಟು. ರಾತ್ರಿ ಒಂದು ಸಣ್ಣ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ ಇಲ್ಲವೆ ಅವರೆಕಾಳು. ಮುದ್ದೆ ತಿಂದರೆ ಸಾಕು ತೆಳ್ಳಗಾಗುತ್ತಾರೆ ಎಂಬುದು ಸುಳ್ಳು, ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಸ್ಟಾಫ್ ರೂಮಿನ ನಾಲ್ಕು ಕಾಫಿ ಎರಡಾಯಿತು, ಸಕ್ಕರೆ ಹೋಯಿತು. ಉಪವಾಸ ಮಾಡಲಿಲ್ಲ, ಪುಡಿ ಕಲಸಿ ಕುಡಿಯಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾತ್ರ ತಪ್ಪಿಸಲಿಲ್ಲ.

ಹನ್ನೊಂದು ತಿಂಗಳಿಗೆ 67 ಕಿಲೋ. ಸೊಂಟ 86. ತಜ್ಞರ ಗೆರೆಯ ಒಳಗೆ ನಾನು ಇಂದಿಗೂ ಬಂದಿಲ್ಲ. ಆದರೆ ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿದೆ. ನಿಲ್ಲದೆ ಎರಡು ಮಹಡಿ ಹತ್ತುತ್ತೇನೆ. ನೆಂಟರೊಬ್ಬರು "ಯಾಕೆ ಸೊರಗಿದ್ದೀಯಾ, ಏನಾದರೂ ತೊಂದರೆಯಾ" ಎಂದು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಅಮ್ಮನನ್ನು 1994ರಲ್ಲಿ ಯಾರಾದರೂ ಹಾಗೆ ಕೇಳಬೇಕಿತ್ತು.

1993ರ ಆ ರವಿಕೆ ಆಗಲೂ ಹಿಡಿಯಲಿಲ್ಲ. ಮೂರೂ ಹೊಲಿಗೆ ಬಿಚ್ಚಿದರೂ ಹಿಡಿಯಲಿಲ್ಲ. ಇಪ್ಪತ್ನಾಲ್ಕು ವರ್ಷದ ಹುಡುಗಿಯ ಮೈಯನ್ನು ಐವತ್ತನಾಲ್ಕಕ್ಕೆ ವಾಪಸು ತರುವುದು ನನ್ನ ಕೆಲಸವಲ್ಲ ಎಂದು ಅದನ್ನು ಮಡಿಸಿ ಟ್ರಂಕಿನಲ್ಲೇ ಇಟ್ಟೆ. ಹೊಸ ಬಟ್ಟೆ ತೆಗೆದುಕೊಂಡು ರಾಬರ್ಟ್‌ಸನ್‌ಪೇಟೆಯ ಆ ಹಳೆಯ ದರ್ಜಿಯ ಅಂಗಡಿಗೇ ಹೋದೆ. ಈಗ ಅಲ್ಲಿ ಮಗ ಕೂರುತ್ತಾನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಬೀದಿಯ ಎಷ್ಟೋ ದರ್ಜಿಗಳು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದರು, ಇವನು ಉಳಿದ.

ಅಳತೆ ತೆಗೆದು ಬರೆದುಕೊಂಡು, "ಟೀಚರಮ್ಮ, ಒಳಗೆ ಬಟ್ಟೆ ಬಿಡಲಾ, ಕತ್ತರಿಸಿಬಿಡಲಾ?" ಎಂದು ಕೇಳಿದ.

"ಬಿಡಪ್ಪಾ. ಮೂರು ಹೊಲಿಗೆ ಹಾಕು" ಎಂದೆ. "ಆಚೆಗೂ ಬೇಕಾಗಬಹುದು, ಈಚೆಗೂ ಬೇಕಾಗಬಹುದು. ಯಾವ ಕಡೆ ಹೋದರೂ ಯಾಕೆಂದು ಮೊದಲು ತಿಳಿದುಕೊಂಡು ಬರುತ್ತೇನೆ."

ಅವನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದ. ಆರತಕ್ಷತೆಯ ಸಂಜೆ ಅಮ್ಮನ ಸೀರೆ ಉಟ್ಟೆ. ಸೆರಗನ್ನು ಮಡಿಸಿ ಎಡಹೆಗಲಿಗೆ ಪಿನ್ನು ಹಾಕಿದೆ. ಫೋಟೋ ತೆಗೆಯುವ ಹುಡುಗ ಕರೆದಾಗ ಮುಂದಿನ ಸಾಲಿನಲ್ಲಿ, ಮಗಳ ಪಕ್ಕದಲ್ಲೇ ನಿಂತೆ.