ಮಿರ್ಜಾನದ ಬಳಚು, ಕೊಲ್ಲಿಯ ಎಣ್ಣೆ

ಒಂದು ಕಾಲದಲ್ಲಿ ಮಿರ್ಜಾನದ ಬಂದರಿನಿಂದ ಕಾಳುಮೆಣಸು ಅರಬಿ ಸಮುದ್ರ ದಾಟುತ್ತಿತ್ತು. 16ನೇ ಶತಮಾನದಲ್ಲಿ ಈ ಬಂದರನ್ನು ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದರು. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಅದೇ ಕಡಲನ್ನು ದಾಟಿದವರು ನಮ್ಮ ಯುವಕರು. ಭಟ್ಕಳ, ಹೊನ್ನಾವರ, ಕುಮಟಾಗಳ ಎಷ್ಟೋ ಮನೆಗಳ ಒಲೆ ಉರಿದದ್ದು, ಶಾಲೆ ಮದರಸಗಳ ಗೋಡೆ ಎದ್ದದ್ದು ಕೊಲ್ಲಿಯ ದುಡಿಮೆಯಿಂದ. ಆ ದುಡಿಮೆಗೆ ಆಧಾರವಾದ ಎಣ್ಣೆ ನೆಲದಡಿಯಲ್ಲಿ ಹೇಗೆ ಉಳಿದಿತ್ತೆಂದು ನಾವು ಕೇಳಿಕೊಂಡದ್ದು ಕಡಿಮೆ.

ಅಬುಧಾಬಿಯ ಬೂ ಹಸಾ ಕ್ಷೇತ್ರವನ್ನೇ ನೋಡೋಣ. ಅಲ್ಲಿ ಎಣ್ಣೆ ಪತ್ತೆಯಾದದ್ದು 1962ರಲ್ಲಿ. ಸುಮಾರು 12 ಕೋಟಿ ವರ್ಷಗಳ ಹಿಂದೆ ಆ ಮರಳುಗಾಡು ಬೆಚ್ಚನೆಯ, ಆಳವಿಲ್ಲದ ಕಡಲಾಗಿತ್ತು. ರುಡಿಸ್ಟ್ ಎಂಬ ಎರಡು ಚಿಪ್ಪಿನ ಜೀವಿಗಳು ಒತ್ತೊತ್ತಾಗಿ ಬೆಳೆದು, ಸತ್ತು, ಸತ್ತವುಗಳ ಮೇಲೆ ಮತ್ತೆ ಬೆಳೆದು ಹವಳದ ದಿಬ್ಬಗಳಂತಹ ದಿಬ್ಬಗಳನ್ನು ಕಟ್ಟಿದವು. ಅಘನಾಶಿನಿಯ ಕೆಸರಿನಲ್ಲಿ ನಮ್ಮ ಜನ ಆರಿಸುವ ಬಳಚು ಅವುಗಳ ದೂರದ ಬಂಧು.

ಎಣ್ಣೆಯಾದದ್ದು ಆ ಚಿಪ್ಪುಗಳಲ್ಲ. ಕಡಲಲ್ಲಿ ತೇಲುವ ಸೂಕ್ಷ್ಮಜೀವಿಗಳು ಸತ್ತು ಕೆಸರಿನಲ್ಲಿ ಹೂತು, ಆಳದ ಶಾಖದಲ್ಲಿ ಎಣ್ಣೆಯಾದವು. ನೀರಿಗಿಂತ ಹಗುರವಾದ ಎಣ್ಣೆ ಮೇಲೇರಿ, ಹೂತುಹೋಗಿದ್ದ ದಿಬ್ಬದ ಸುಣ್ಣಕಲ್ಲಿನ ರಂಧ್ರಗಳನ್ನು ತುಂಬಿತು. ಅದರ ಮೇಲಿದ್ದ ಜೇಡಿಯ ಪದರ ಎಣ್ಣೆಯನ್ನು ಅಲ್ಲೇ ತಡೆಯಿತು. ನೆಲದಡಿ ಎಣ್ಣೆಯ ಕೆರೆಯಿದೆ ಎಂದು ನಾವು ಊಹಿಸುತ್ತೇವೆ. ಅಲ್ಲಿರುವುದು ಎಣ್ಣೆ ಹೀರಿದ ಕಲ್ಲು. 1947ರಲ್ಲಿ ಕೆನಡಾದ ಲೆಡ್ಯೂಕ್‌ನಲ್ಲಿ ಎಣ್ಣೆ ಸಿಕ್ಕಿದ್ದೂ ಇಂತಹ ಪುರಾತನ ದಿಬ್ಬದಲ್ಲಿ. ನಮ್ಮದೇ ಕಡಲಿನ ಬಾಂಬೆ ಹೈನಲ್ಲಿ 1974ರಲ್ಲಿ ದೊರೆತ ಎಣ್ಣೆಯೂ ಬಹುಪಾಲು ಸುಣ್ಣಕಲ್ಲಿನಲ್ಲೇ ಇತ್ತು.

ಮಿರ್ಜಾನದ ನೆಲದಡಿ ಇಂತಹ ದಿಬ್ಬಗಳಿಲ್ಲ. ಕೋಟೆ ಕಟ್ಟಿದ್ದು ಚಿರೇಕಲ್ಲಿನಿಂದ. ಈ ಕರಾವಳಿಯ ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯ ಗಟ್ಟಿ ಶಿಲೆ. ನಮಗಿರುವ ಸಂಪತ್ತು ಕೆಸರಿನಲ್ಲಿ ಇನ್ನೂ ಜೀವಂತವಾಗಿರುವ ಚಿಪ್ಪು. ಅದನ್ನು ನಂಬಿ ಬದುಕುವ ಕುಟುಂಬಗಳು ಅಳಿವೆಯ ಉದ್ದಕ್ಕೂ ಇವೆ. ಸುಣ್ಣಕ್ಕಾಗಿ ಚಿಪ್ಪಿನ ಪದರಗಳನ್ನು ತೋಡಿದ ಕಾಲವನ್ನೂ ಅಳಿವೆ ಕಂಡಿದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ.

ರುಡಿಸ್ಟ್‌ಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದವು. ಸುಟ್ಟ ಎಣ್ಣೆಯೂ ನಮ್ಮ ಆಯುಷ್ಯದಲ್ಲಿ ಮರಳಿ ಹುಟ್ಟದು. ಬಳಚು ಹಾಗಲ್ಲ, ಮರಿಗಳನ್ನು ಬಿಟ್ಟು ಆರಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಸೃಷ್ಟಿಯ ಸಂಪತ್ತು ನಮ್ಮ ಕೈಗೆ ಬಂದಿರುವುದು ಅಮಾನತ್ತಾಗಿ ಎಂದು ನಂಬುವ ನಾವು, ಕೊಲ್ಲಿಯಿಂದ ಬಂದ ದುಡ್ಡಿನ ಲೆಕ್ಕ ಇಟ್ಟಂತೆ ಮನೆಯ ಮುಂದಿನ ಈ ಅಳಿವೆಯ ಲೆಕ್ಕವನ್ನೂ ಇಡಬೇಕಾಗಿದೆ.