ಎಳನೀರಿನ ನಾಡಲ್ಲಿ ಅಲೈನರ್: ಏನು ತಿನ್ನಬೇಕು ಅನ್ನೋದಕ್ಕಿಂತ ಯಾವಾಗ ಅನ್ನೋದೇ ದೊಡ್ಡ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರ ಮನೆಗೆ ಹೋದರೂ ಮೊದಲು ಕಿವಿಗೆ ಬೀಳೋದು 'ಏನ್ ಕುಡೀತೀರ?' ಅನ್ನೋ ಮಾತು. ಕಾಫಿ ಬೇಡ ಅಂದರೆ ಟೀ, ಟೀ ಬೇಡ ಅಂದರೆ ಮಜ್ಜಿಗೆ. ಅದೂ ಬೇಡ ಅಂದರೆ 'ಇರಿ, ಒಂದು ಎಳನೀರು ಕೀಳಿಸ್ತೀನಿ' ಅಂತ ತೋಟದ ಕಡೆ ಹೊರಟೇ ಬಿಡ್ತಾರೆ. ಊಟ ಆದಮೇಲೆ ಎಲೆ ಅಡಿಕೆ ತಟ್ಟೆ ಬರುತ್ತೆ. ಇಂಥ ಊರಿಗೆ, ಬೆಂಗಳೂರಿನಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇರುವ ಮಗ ಅಥವಾ ಮಗಳು ಹಲ್ಲಿಗೆ ಪಾರದರ್ಶಕ ಅಲೈನರ್ ಹಾಕಿಕೊಂಡು ಬಂದರೆ, ಮೊದಲ ದಿನವೇ ಪೇಚಿಗೆ ಸಿಕ್ಕಿಕೊಳ್ತಾರೆ. ಯಾಕಂದ್ರೆ ಅಲೈನರ್ ಬಾಯಲ್ಲಿರುವಾಗ ಸಾದಾ ನೀರು ಬಿಟ್ಟು ಬೇರೇನೂ ಒಳಗೆ ಹೋಗುವಂತಿಲ್ಲ.

ಈ ನಿಯಮ ಯಾಕಿದೆ, ನಮ್ಮ ಊಟ ತಿಂಡಿಯ ಜೊತೆ ಇದನ್ನು ಹೇಗೆ ಹೊಂದಿಸಿಕೊಳ್ಳಬಹುದು, ಯಾರಿಗೆ ಇದು ಹೊಂದೋದೇ ಇಲ್ಲ ಅನ್ನೋದನ್ನು ಇಲ್ಲಿ ನೋಡೋಣ.

ಇದು ಕೆಲಸ ಮಾಡೋದು ಹೇಗೆ?

ಅಲೈನರ್ ಅಂದರೆ ಹಲ್ಲಿನ ಅಚ್ಚಿಗೆ ತಕ್ಕಂತೆ ಮಾಡಿದ ತೆಳು ಪ್ಲಾಸ್ಟಿಕ್ ಕವಚ. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಕಂಪನಿಯ 'ಇನ್ವಿಸಲೈನ್' ಇದನ್ನು ಜನಪ್ರಿಯಗೊಳಿಸಿತು. ಈಗ ಭಾರತದಲ್ಲೂ ಹಲವು ಕಂಪನಿಗಳಿವೆ. ಒಂದೊಂದು ಕವಚ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಸರಿಸುತ್ತೆ. ಒಂದೆರಡು ವಾರಕ್ಕೊಮ್ಮೆ ಮುಂದಿನ ಕವಚಕ್ಕೆ ಬದಲಾಯಿಸಬೇಕು. ಹಿಡಿತ ಸಿಗಲಿ ಅಂತ ಕೆಲವು ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ ಸಣ್ಣ ಗುಬ್ಬಿಗಳನ್ನು ಅಂಟಿಸಿರ್ತಾರೆ. ಇವಕ್ಕೆ ಅಟ್ಯಾಚ್‌ಮೆಂಟ್ ಅಂತಾರೆ.

ಹಲ್ಲು ಸರಿಯಬೇಕಾದರೆ ಒತ್ತಡ ಬಿಡದೆ ಇರಬೇಕು. ಅದಕ್ಕೇ ದಿನಕ್ಕೆ 20ರಿಂದ 22 ಗಂಟೆ ಕವಚ ಬಾಯಲ್ಲಿರಲಿ ಅಂತ ವೈದ್ಯರು ಹೇಳೋದು. ತೆಗೆದಿಟ್ಟಷ್ಟು ಹೊತ್ತೂ ಹಲ್ಲು ಹಳೆಯ ಜಾಗದ ಕಡೆಗೇ ಎಳೆಯುತ್ತೆ. ಹೀಗೆ ದಿನವೂ ಆದರೆ ಮುಂದಿನ ಕವಚ ಕೂರೋದಿಲ್ಲ, ಚಿಕಿತ್ಸೆ ಎಳೆದುಕೊಂಡು ಹೋಗುತ್ತೆ.

ಎರಡು ಗಂಟೆಯ ಲೆಕ್ಕ

22 ಗಂಟೆ ಹಾಕಿಕೊಳ್ಳಬೇಕು ಅಂದರೆ ತಿನ್ನೋಕೆ, ಕುಡಿಯೋಕೆ, ಹಲ್ಲುಜ್ಜೋಕೆ ಎಲ್ಲಾ ಸೇರಿ ಉಳಿಯೋದು ಎರಡೇ ಗಂಟೆ. ನಮ್ಮ ಕಡೆಯ ಒಂದು ಸಾಮಾನ್ಯ ದಿನ ತಗೊಳ್ಳಿ. ಎದ್ದಕೂಡಲೇ ಕಾಫಿ 15 ನಿಮಿಷ, ತಿಂಡಿ 30, ಹನ್ನೊಂದರ ಟೀ 15, ಮಧ್ಯಾಹ್ನದ ಊಟ 40, ಸಂಜೆ ಕಾಫಿ ಜೊತೆ ನಿಪ್ಪಟ್ಟೋ ಕಡ್ಲೆಪುರಿಯೋ 30, ರಾತ್ರಿ ಊಟ 40. ಕೂಡಿದರೆ 170 ನಿಮಿಷ, ಅಂದರೆ ಎರಡು ಗಂಟೆ ಮೇಲೆ ಐವತ್ತು ನಿಮಿಷ. ಮಧ್ಯೆ ನೆಂಟರು ಬಂದರೆ ಮೂರು ಗಂಟೆ ದಾಟುತ್ತೆ.

ಇದನ್ನೇ ಹೀಗೆ ಜೋಡಿಸಿ: ಬೆಳಗಿನ ಕಾಫಿಯನ್ನು ತಿಂಡಿ ಜೊತೆ ಸೇರಿಸಿದರೆ 35 ನಿಮಿಷ, ಮಧ್ಯಾಹ್ನ 35, ಸಂಜೆ ಒಂದೇ ಸಲ 15, ರಾತ್ರಿ 35. ಸರಿಯಾಗಿ ಎರಡು ಗಂಟೆ. ಇದರಲ್ಲಿ ಏನನ್ನೂ ಬಿಟ್ಟಿಲ್ಲ, ಹನ್ನೊಂದರ ಟೀ ಒಂದು ಹೋಯಿತು ಅಷ್ಟೇ. ಎಳನೀರು, ಮಜ್ಜಿಗೆ, ಹಣ್ಣು, ಸಿಹಿ ಎಲ್ಲವನ್ನೂ ಈ ನಾಲ್ಕು ಹೊತ್ತಿನೊಳಕ್ಕೆ ತಂದುಕೊಳ್ಳೋದೇ ಉಪಾಯ.

ಬಿಸಿಲಲ್ಲಿ ತೋಟಕ್ಕೆ ಹೋಗುವಾಗ, ಕೆ.ಬಿ. ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವಾಗ ಜೊತೆಗೆ ನೀರಿನ ಬಾಟಲಿ ಇರಲಿ. ತಣ್ಣನೆಯ ಅಥವಾ ಉಗುರು ಬೆಚ್ಚಗಿನ ನೀರನ್ನು ಅಲೈನರ್ ಹಾಕಿಕೊಂಡೇ ಕುಡಿಯಬಹುದು. ಕುದಿಯೋ ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಎಳನೀರು ನೀರೇ ತಾನೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಹೆಸರಲ್ಲಿ ನೀರಿದ್ದರೂ ಅದರಲ್ಲಿ ಸಕ್ಕರೆ ಇದೆ, ಸಣ್ಣ ಪ್ರಮಾಣದ ಹುಳಿಯೂ ಇದೆ. ಎಳನೀರಿನ ಪಿಎಚ್ ಸುಮಾರು 5ರ ಆಸುಪಾಸು. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರ ಕರಗೋಕೆ ಶುರುವಾಗುತ್ತೆ. ಹಾಗಂತ ಎಳನೀರು ಕುಡಿದವರ ಹಲ್ಲೆಲ್ಲ ಹಾಳಾಗಲ್ಲ. ಬರೀ ಬಾಯಲ್ಲಿ ಕುಡಿದರೆ ಜೊಲ್ಲು ಅದನ್ನು ತೊಳೆದು ಹಾಕುತ್ತೆ. ಅಲೈನರ್ ಹಾಕಿಕೊಂಡು ಕುಡಿದರೆ ಅದು ಕವಚದ ಒಳಗೆ ನುಗ್ಗಿ ಅಲ್ಲೇ ನಿಲ್ಲುತ್ತೆ, ಜೊಲ್ಲು ಅಲ್ಲಿಗೆ ತಲುಪೋದು ಕಡಿಮೆ. ಹಲ್ಲು ಗಂಟೆಗಟ್ಟಲೆ ಸಿಹಿ ಹುಳಿಯಲ್ಲಿ ನೆಂದಂತೆ. ಸ್ಟ್ರಾ ಹಾಕಿ ಕುಡಿದರೂ ಪೂರ್ತಿ ತಪ್ಪಲ್ಲ.

ಮಜ್ಜಿಗೆಗೂ ಇದೇ ಮಾತು. ಸಕ್ಕರೆ ಹಾಕದಿದ್ದರೂ ಅದು ಹುಳಿ ಪದಾರ್ಥ. ಕಾಫಿ, ಟೀ ಬಗ್ಗೆ ಹೇಳೋದೇ ಬೇಡ: ಬಿಸಿಗೆ ಕವಚ ಸೊಟ್ಟಗಾಗುತ್ತೆ, ಬಣ್ಣ ಹತ್ತುತ್ತೆ, ಸಕ್ಕರೆ ಒಳಗೆ ಉಳಿಯುತ್ತೆ. ಹಾಗಾಗಿ ತೆಗೆದು ಕುಡೀರಿ, ಬಾಯಿ ಮುಕ್ಕಳಿಸಿ, ಮತ್ತೆ ಹಾಕಿಕೊಳ್ಳಿ.

ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಇಳಿದು ಕೈಕಾಲು ನಡುಗಿದರೆ ಅಲೈನರ್ ಲೆಕ್ಕ ಹಾಕುತ್ತ ಕೂರಬಾರದು. ತಕ್ಷಣ ಸಿಹಿ ಏನಾದರೂ ತಗೋಬೇಕು.

ಮುದ್ದೆ ಮಿತ್ರ, ಕೊಬ್ಬರಿ ನೋಡಿಕೊಂಡು

ಹೊಸ ಕವಚ ಹಾಕಿದ ಮೊದಲ ಎರಡು ಮೂರು ದಿನ ಹಲ್ಲು ನೋಯುತ್ತೆ, ಜಗಿಯೋಕೆ ಆಗಲ್ಲ. ಆ ದಿನಗಳಿಗೆ ನಮ್ಮ ರಾಗಿ ಮುದ್ದೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮುದ್ದೆಯನ್ನು ನಾವು ಜಗಿಯೋದೇ ಇಲ್ಲವಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗೋದು. ತಟ್ಟೆ ಇಡ್ಲಿ, ಮೊಸರನ್ನ, ಗಂಜಿ, ಎಳನೀರಿನ ಒಳಗಿನ ತೆಳು ಗಂಜಿ ಇವೂ ಸರಿ. ಸಾಧ್ಯವಾದರೆ ರಾತ್ರಿ ಊಟ ಮುಗಿಸಿ ಮಲಗುವ ಮುಂಚೆ ಹೊಸ ಕವಚಕ್ಕೆ ಬದಲಾಯಿಸಿ. ಮೊದಲ ನೋವು ನಿದ್ದೆಯಲ್ಲೇ ಒಂದಿಷ್ಟು ಕಳೆಯುತ್ತೆ.

ತಿಪಟೂರಿನ ಹೆಸರು ದೇಶಕ್ಕೆ ಗೊತ್ತಿರೋದು ಉಂಡೆ ಕೊಬ್ಬರಿಯಿಂದ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ನೀರೆಲ್ಲ ಇಂಗಿ ಗಟ್ಟಿಯಾದ ಕಾಯಿ ಅದು. ತುಂಡು ಕಚ್ಚಿ ಬೆಲ್ಲದ ಜೊತೆ ಜಗಿಯೋ ರುಚಿ ಬೇರೆ, ನಿಜ. ಆದರೆ ಅಂಥ ಗಟ್ಟಿ ತುಂಡು ಮುಂಹಲ್ಲಿನಲ್ಲಿ ಕಚ್ಚಿದರೆ ಗುಬ್ಬಿ ಕಿತ್ತು ಬರಬಹುದು. ಕೊಬ್ಬರಿ ತುರಿದು ತಿನ್ನಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು ದಿನವಿಡೀ ಮೆಲ್ಲುವ ಅಭ್ಯಾಸ ಇದ್ದರೆ, ಒಂದೇ ಹೊತ್ತಿಗೆ ಕೂತು ತಿಂದು ಮುಗಿಸಿ. ಬೆಲ್ಲದ ಪಾಕದ ಮಿಠಾಯಿ ಗುಬ್ಬಿಯ ಸುತ್ತ ಅಂಟಿಕೊಳ್ಳುತ್ತೆ, ತಿಂದಮೇಲೆ ಉಜ್ಜಲೇಬೇಕು. ಅರಿಶಿನದ ಹಳದಿಯೂ ಗುಬ್ಬಿಗೆ ಹತ್ತುತ್ತೆ.

ಎಲೆ ಅಡಿಕೆ ವಿಷಯ ಅಡಿಕೆ ಬೆಳೆಯೋ ತಾಲ್ಲೂಕುಗಳಲ್ಲಿ ಹೇಳೋಕೆ ಮುಜುಗರ. ಆದರೂ ಹೇಳಲೇಬೇಕು. ಅದು ಗಟ್ಟಿ, ಕೆಂಪು ಕಲೆ ಬಿಡುತ್ತೆ, ಬಾಯಲ್ಲಿ ಬಹಳ ಹೊತ್ತು ಇರುತ್ತೆ. ಅದಕ್ಕಿಂತ ದೊಡ್ಡದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆ ಜಗಿಯೋದನ್ನು ಕ್ಯಾನ್ಸರ್‌ಕಾರಕ ಅಂತ ಗುರುತಿಸಿದೆ. ಅಲೈನರ್ ನೆಪದಲ್ಲಾದರೂ ಬಿಟ್ಟರೆ ಲಾಭವೇ.

ಮದುವೆ ಮನೆ, ಜಾತ್ರೆ, ಬಾಡೂಟ

ಅಲೈನರ್ ಕಳೆದುಹೋಗೋದು ಹೆಚ್ಚಾಗಿ ಊಟದ ಹೊತ್ತಲ್ಲೇ. ಪಂಕ್ತಿಯಲ್ಲಿ ಕೂತು, ತೆಗೆದು ಪೇಪರಿನಲ್ಲಿ ಸುತ್ತಿ ಎಲೆಯ ಪಕ್ಕ ಇಡ್ತಾರೆ. ಊಟ ಮುಗಿದ ಮೇಲೆ ಯಾರೋ ಎಲೆ ಮಡಚಿ ಎತ್ತಿಕೊಂಡು ಹೋಗ್ತಾರೆ, ಅದರ ಜೊತೆ ಕವಚವೂ ಹೋಗುತ್ತೆ. ಅದಕ್ಕೆ ನಿಯಮ ಒಂದೇ: ಬಾಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲಿ. ಡಬ್ಬಿ ಜೇಬಲ್ಲೋ ವ್ಯಾನಿಟಿ ಬ್ಯಾಗಲ್ಲೋ ಇರಲಿ. ಮನೆಯಲ್ಲಿ ನಾಯಿಗೆ ಎಟುಕದ ಕಡೆ ಇಡಿ, ಜೊಲ್ಲಿನ ವಾಸನೆಗೆ ಅದು ಕಚ್ಚಿ ಹಾಕುತ್ತೆ. ಕಳೆದರೆ ನೀವೇ ಮುಂದಿನದನ್ನು ಹಾಕಿಕೊಳ್ಳಬೇಡಿ. ಹಿಂದಿನ ಕವಚ ಎಸೆಯದೆ ಇಟ್ಟಿದ್ದರೆ ಅದನ್ನು ಹಾಕಿಕೊಂಡು ವೈದ್ಯರಿಗೆ ಫೋನ್ ಮಾಡಿ.

ಬ್ರಷ್ ಇಲ್ಲದ ಜಾಗದಲ್ಲಿ ನೀರಿನಿಂದ ಚೆನ್ನಾಗಿ ಮುಕ್ಕಳಿಸಿ, ಕವಚವನ್ನು ತಣ್ಣೀರಲ್ಲಿ ತೊಳೆದು ಹಾಕಿಕೊಳ್ಳಿ. ಮನೆಗೆ ಬಂದಮೇಲೆ ಉಜ್ಜಿ. ಕವಚಕ್ಕೆ ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತೆ, ಮೆದು ಬ್ರಷ್ ಮತ್ತು ಸೌಮ್ಯವಾದ ಸೋಪು ಸಾಕು.

ಹಬ್ಬದ ಒಂದು ದಿನ ಮೂರು ನಾಲ್ಕು ಗಂಟೆ ತೆಗೆದಿಟ್ಟರೆ ಪ್ರಪಂಚ ಮುಳುಗಲ್ಲ. ಅದು ದಿನದ ಅಭ್ಯಾಸ ಆಗಬಾರದು ಅಷ್ಟೇ. ಹಾಗೆ ಆದಾಗ ಆ ಕವಚವನ್ನು ಇನ್ನಷ್ಟು ದಿನ ಹಾಕಿಕೊಳ್ಳಬೇಕಾ ಅಂತ ವೈದ್ಯರನ್ನೇ ಕೇಳಿ.

ಇನ್ನು ಮನೆಯವರ ಬೇಸರ. 'ಬೇಡ' ಅಂದರೆ ಅಜ್ಜಿ ನೊಂದುಕೊಳ್ತಾರೆ. 'ಅಜ್ಜಿ, ಊಟದ ಜೊತೆ ಕುಡೀತೀನಿ, ಇಟ್ಟಿರು' ಅಂದರೆ ನೊಂದುಕೊಳ್ಳಲ್ಲ.

ದುಡ್ಡು ಕಟ್ಟುವ ಮುಂಚೆ

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಚಿಕಿತ್ಸೆಗೆ ಒಂದು ಲಕ್ಷ ಅಂತ ಇಟ್ಟುಕೊಂಡರೂ ಆ ಲೆಕ್ಕದಲ್ಲಿ ಎಂಟು ಕ್ವಿಂಟಲ್‌ಗಿಂತ ಹೆಚ್ಚು ಕೊಬ್ಬರಿಯ ದುಡ್ಡು. ಇಷ್ಟು ಸುರಿಯುವ ಮುಂಚೆ ಹಲ್ಲಿನ ಎಕ್ಸರೇ ಜೊತೆ ನಿಮ್ಮ ದಿನವನ್ನೂ ಒಮ್ಮೆ ನೋಡಿಕೊಳ್ಳಿ. ಮೂರು ದಿನ, ಬಾಯಿಗೆ ಏನು ಹೋದರೂ ಗಂಟೆ ಬರೆದಿಡಿ. ಕಾಯಿ ಸುಲಿಯೋ ಕೆಲಸದಲ್ಲೋ, ಮಂಡಿಯಲ್ಲೋ, ಗಂಟೆಗೊಂದು ಟೀ ಇಲ್ಲದೆ ನಡೆಯದ ಬದುಕು ನಿಮ್ಮದಾದರೆ ತಂತಿ ಕ್ಲಿಪ್ಪೇ ಮೇಲು. ಅದರಲ್ಲೂ ಗಟ್ಟಿ, ಅಂಟು ಪದಾರ್ಥಕ್ಕೆ ಮಿತಿ ಇದೆ, ಸಿಹಿ ಟೀ ಹೆಚ್ಚಾದರೆ ಹುಳುಕೂ ಬರುತ್ತೆ. ಆದರೆ ತೆಗೆದು ಹಾಕುವ ರಗಳೆ ಇಲ್ಲ, ಸಾಮಾನ್ಯವಾಗಿ ಖರ್ಚೂ ಕಡಿಮೆ.

ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರಿದ್ದಾರೆ. ಅಂಥ ಹಲ್ಲಿನ ಮೇಲೆ ಗುಬ್ಬಿ ಸರಿಯಾಗಿ ಅಂಟದೆ ಇರಬಹುದು. ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ, ಬಾಯಿ ನೋಡುವ ವೈದ್ಯರಿಲ್ಲದೆ ಅಂಚೆಯಲ್ಲಿ ಬರುವ ಅಲೈನರ್ ನಂಬಬೇಡಿ. ಮನೆಗೇ ಕವಚ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆ ಅರ್ಧದಲ್ಲಿದ್ದವರು ಬೀದಿಯಲ್ಲಿ ನಿಂತರು. ಗುಬ್ಬಿ ಬಿದ್ದರೆ, ಕವಚ ಕೂರದಿದ್ದರೆ ಹೋಗಿ ತೋರಿಸೋಕೆ ಒಬ್ಬ ನೋಂದಾಯಿತ ದಂತವೈದ್ಯರು ಇರಬೇಕು. ಅವರು ಬೆಂಗಳೂರಿನಲ್ಲಿದ್ದರೆ, ತಿಪಟೂರಿನಿಂದ ರೈಲು ಹತ್ತಿ ಎಷ್ಟು ಸಲ ಹೋಗಿಬರಬೇಕಾಗುತ್ತೆ ಅನ್ನೋದನ್ನೂ ದುಡ್ಡು ಕಟ್ಟುವ ಮುಂಚೆಯೇ ಕೇಳಿ.