ಹಳದಿ ದೀಪ ಯಾರ ಪರ?

ಕಳೆದ ದೀಪಾವಳಿಗೆ ಮಾವನ ಹೈಬ್ರಿಡ್ ಕಾರಿನಲ್ಲಿ ಊರಿಗೆ ಹೊರಟಿದ್ದೆವು. ತುಮಕೂರು ದಾಟುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಕಾರು ಮಾತ್ರ ಎಂದಿನಂತೆಯೇ ಓಡುತ್ತಿತ್ತು. "ಗಾಡಿಗೆ ಏನೂ ಆಗಿಲ್ಲವಲ್ಲೋ, ಮತ್ತೆ ಇದ್ಯಾಕೆ ಉರೀತಿದೆ?" ಎಂದರು ಮಾವ. ಪರಿಸರ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಆ ಪ್ರಶ್ನೆಯ ಉತ್ತರ ಸಿಕ್ಕಿದ್ದು ಲಾಸ್ ಏಂಜಲೀಸಿನ ಆಕಾಶದಲ್ಲಿ.

ಕಾರಿನಲ್ಲಿ ಎಚ್ಚರಿಕೆಯ ದೀಪ ಹೊಸದೇನಲ್ಲ. 1930ರ ದಶಕದಲ್ಲೇ ಅಮೆರಿಕದ ಹಡ್ಸನ್ ಕಂಪನಿ ಆಯಿಲ್ ಒತ್ತಡ ತೋರಿಸುವ ಮುಳ್ಳಿನ ಮೀಟರಿನ ಬದಲು ದೀಪ ಇಟ್ಟಿತು. ಇಂಥವನ್ನು ಜನ 'ದಡ್ಡರ ದೀಪ' ಎಂದು ಗೇಲಿ ಮಾಡಿದರು. ಗೇಲಿಯಲ್ಲಿ ಹುರುಳಿತ್ತು. ಒತ್ತಡ ಮೆಲ್ಲಗೆ ಇಳಿಯುವುದನ್ನು ಮುಳ್ಳು ಮೊದಲೇ ತೋರಿಸುತ್ತದೆ. ದೀಪ ಹೇಳುವುದು ತೀರಾ ಇಳಿದ ಮೇಲೆ. ಆದರೂ ಅದು ಕಾರಿನವನ ಹಿತಕ್ಕಾಗಿಯೇ ಇದ್ದ ದೀಪ.

ಹಳದಿ ದೀಪದ ವಂಶ ಬೇರೆ. 1943ರ ಜುಲೈನಲ್ಲಿ ಲಾಸ್ ಏಂಜಲೀಸನ್ನು ಕಣ್ಣು ಉರಿಸುವ ಮಬ್ಬು ಕವಿದಾಗ, ಯುದ್ಧಕಾಲದ ಜನ ಅದನ್ನು ಜಪಾನಿನ ವಿಷಾನಿಲ ದಾಳಿಯೆಂದೇ ಹೆದರಿದರು. 1950ರ ದಶಕದ ಆರಂಭದಲ್ಲಿ ಏರಿ ಹಾಗನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ ನಿಜವಾದ ಶತ್ರುವನ್ನು ಗುರುತಿಸಿದರು: ಕಾರುಗಳ ಹೊಗೆ ಬಿಸಿಲಿನಲ್ಲಿ ಬೆಂದು ಆ ಮಬ್ಬು ಹುಟ್ಟುತ್ತಿತ್ತು. ಮುಂದೆ ಕಾನೂನುಗಳು ಬಿಗಿಯಾದವು, 1975ರಿಂದ ಅಮೆರಿಕದ ಕಾರುಗಳಿಗೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆದರೆ ಅದು ಕೆಟ್ಟರೂ ಕಾರು ಓಡುತ್ತಲೇ ಇರುತ್ತದೆ. ಓಡಿಸುವವನಿಗೆ ಗೊತ್ತಾಗುವುದು ಹೇಗೆ? 1985ರಲ್ಲಿ ಕ್ಯಾಲಿಫೋರ್ನಿಯ ನಿಯಮ ತಂದಿತು: 1988ರ ಮಾದರಿಗಳಿಂದ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ದೋಷ ಕಂಡರೆ ದೀಪ ಹಚ್ಚಬೇಕು. 1996ರಲ್ಲಿ ಇದರ ಎರಡನೇ ಆವೃತ್ತಿ ಅಮೆರಿಕದಾದ್ಯಂತ ಕಡ್ಡಾಯವಾಯಿತು. ಭಾರತದಲ್ಲಿ ಮೊದಲ ಹಂತ ಬಂದದ್ದು 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರಲ್ಲಿ.

ಮಾವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ದೀಪ ಕಾರಿನ ಹಿಂದೆ ಉಸಿರಾಡುವವರ ಪರವಾಗಿ ಉರಿಯುತ್ತದೆ. ಅದು ಮಿನುಗತೊಡಗಿದರೆ ಮಾತ್ರ ತಡಮಾಡುವಂತಿಲ್ಲ: ಎಂಜಿನ್ನಿನಲ್ಲಿ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಹಾಕಬಹುದು.

ಹೈಬ್ರಿಡ್ ಬಂದ ಮೇಲೆ ದೀಪದ ಭಾಷೆ ಇನ್ನಷ್ಟು ಜಟಿಲವಾಯಿತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್‌ನಲ್ಲಿ ಎಂಜಿನ್ ಜೊತೆಗೆ ಮೋಟಾರೂ ದೊಡ್ಡ ಬ್ಯಾಟರಿಯೂ ಇದ್ದವು. ಇಂಥ ಕಾರಿನಲ್ಲಿ ಬ್ಯಾಟರಿ ತಂಪಾಗಿಸುವ ಫ್ಯಾನಿನ ಬಾಯಿಗೆ ಧೂಳು ಕಟ್ಟಿದರೂ ದೀಪ ಹೊತ್ತಬಹುದು. ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಸೊರಗಿದರೆ ಸಂಬಂಧವಿಲ್ಲದ ನಾಲ್ಕಾರು ದೀಪಗಳು ಒಟ್ಟಿಗೇ ಹೊತ್ತುವುದೂ ಉಂಟು.

ಮಾವನ ಕಾರಿನ ಕಂಪ್ಯೂಟರ್ ಕೊಟ್ಟ ಕೋಡ್ ಪಿ0420. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಮ್ಲಜನಕದ ಸೆನ್ಸರ್ ಇರುತ್ತವೆ. ಹಿಂದಿನದು ಮುಂದಿನದರಂತೆಯೇ ಏರಿಳಿಯತೊಡಗಿದರೆ ಕನ್ವರ್ಟರ್ ಸೋತಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಕೋಡ್ ನೋಡಿದವರೇ ಕನ್ವರ್ಟರ್ ಬದಲಿಸಲು ಲಕ್ಷಕ್ಕೂ ಮೀರಿದ ಅಂದಾಜು ಬರೆದುಕೊಟ್ಟರು. ನಮ್ಮೂರ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕಾರಿನಡಿ ಮಲಗಿ, ಹೊಗೆಕೊಳವೆಯ ಕೀಲಿನಲ್ಲಿ ಸಣ್ಣ ಸೋರಿಕೆ ಹಿಡಿದರು. ಅಲ್ಲಿಂದ ನುಗ್ಗಿದ ಗಾಳಿ ಸೆನ್ಸರನ್ನು ಯಾಮಾರಿಸಿತ್ತು. "ಮಿಷನ್ನು ಜ್ವರ ಅಂತ ಮಾತ್ರ ಹೇಳುತ್ತೆ ಸಾರ್, ಯಾಕೆ ಅಂತ ನಾವೇ ಹುಡುಕಬೇಕು" ಎಂದರು.

ಆ ಹುಡುಕುವ ಹಕ್ಕು ಯಾರದು ಎಂಬುದೂ ಈ ಚರಿತ್ರೆಯ ಭಾಗ. ದುರಸ್ತಿಯ ಮಾಹಿತಿಯನ್ನು ಕಂಪನಿಗಳು ಹೊರಗಿನ ಗ್ಯಾರೇಜುಗಳಿಗೂ ಒದಗಿಸಬೇಕೆಂದು 2012ರಲ್ಲಿ ಮ್ಯಾಸಚೂಸೆಟ್ಸ್ ಮತದಾರರು ತೀರ್ಪಿತ್ತರು. ಮೂರು ವರ್ಷಗಳ ಬಳಿಕ, 2015ರಲ್ಲಿ, ಫೋಕ್ಸ್‌ವ್ಯಾಗನ್ ಹಗರಣ ಬಯಲಾಯಿತು. ಅದರ ಡೀಸೆಲ್ ಕಾರುಗಳ ತಂತ್ರಾಂಶ ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಸಂಭಾವಿತನಂತೆ ನಡೆದುಕೊಳ್ಳುತ್ತಿತ್ತು; ರಸ್ತೆಗಿಳಿದರೆ ಮಿತಿಯ ನಲವತ್ತು ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಆ ಮೋಸವನ್ನು ಯಾವ ದೀಪವೂ ಹೇಳಲಿಲ್ಲ. ದೀಪಕ್ಕೆ ಮಾತು ಕಲಿಸಿದವರೇ ಮೌನವನ್ನೂ ಕಲಿಸಬಲ್ಲರು.

ಕೀಲಿನ ವಾಷರ್ ಬದಲಿಸಿದ ಮೇಲೆ ಮಾವನ ಕಾರಿನ ದೀಪ ಆರಿದೆ. ಅವರೀಗ ಕಾರು ಹತ್ತಿದಾಗೆಲ್ಲ ಮೊದಲು ಡ್ಯಾಶ್‌ಬೋರ್ಡ್ ನೋಡುತ್ತಾರೆ, ನಾನು ಹಿಂದಿನ ಹೊಗೆಕೊಳವೆ ನೋಡುತ್ತೇನೆ.